ಬಾಗಿಲ ಕಲ್ಲಿಗೊಬ್ಬ ಸುಬೇದಾರ

ಹೊನ್ನಯ್ಯನವರು ತಲೆ ಬಗ್ಗಿಸುವವರಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳ ಬಾಗಿಲುಗಳಿಗೆಲ್ಲ ಇದು ಚೆನ್ನಾಗಿ ಗೊತ್ತು. ಬಸರಾಳಿನ ಚಿಕ್ಕಮ್ಮನ ಮನೆಯ ನಡುಮನೆ ಬಾಗಿಲು ಅವರ ಹಣೆಯನ್ನು ಮೂರು ಸಲ ಭೇಟಿ ಮಾಡಿದೆ. ಮೂರು ಸಲವೂ ಹಿಂದೆ ಸರಿದದ್ದು ಬಾಗಿಲೇ ಎಂದು ಹೊನ್ನಯ್ಯನವರ ವಾದ. ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಅವರು ಮೂವತ್ತನಾಲ್ಕು ವರ್ಷ ಕೆಲಸ ಮಾಡಿದ ಕಾಲದಲ್ಲಿ, ಉಗ್ರಾಣದ ಕಬ್ಬಿಣದ ಚೌಕಟ್ಟಿಗೆ ಅವರ ತಲೆ ತಗುಲಿದಾಗಲೆಲ್ಲ ಎಂಥ ನಾದ ಹೊರಡುತ್ತಿತ್ತೆಂದರೆ, ಊಟದ ಗಂಟೆಯೆಂದು ಬುತ್ತಿ ಬಿಚ್ಚಿದವರಿದ್ದಾರೆ. (ಇದಕ್ಕೆ ಯಾರದೂ ಆಕ್ಷೇಪಣೆ ಇರಲಿಲ್ಲ, ಹೊತ್ತಿಗೆ ಮುಂಚೆಯೇ ಊಟ ಆಗುತ್ತಿತ್ತಲ್ಲ.) ಏಟು ತಿಂದು ಹಣೆಯ ಮೇಲೆ ಎದ್ದ ಬೋರೆ ಈಗ ಶಾಶ್ವತವಾಗಿ ನೆಲೆಸಿದೆ. ಪೂಜೆಯಲ್ಲಿ ಕುಂಕುಮ ಇಡುವವರು ಅದಕ್ಕೊಂದು ಪ್ರದಕ್ಷಿಣೆ ಹಾಕಿಯೇ ಇಡುತ್ತಾರೆ.

"ಒಸಿ ಬಗ್ಗುದ್ರೆ ನಿಮ್ಮ ಗಂಟೇನೋಯ್ತದೆ?" ಎಂದು ಯಾರಾದರೂ ಕೇಳಿದರೆ ಸಾಕು, ಹೊನ್ನಯ್ಯನವರ ಬೆನ್ನು ಇನ್ನೂ ಎರಡಂಗುಲ ನೆಟ್ಟಗಾಗುತ್ತದೆ.

"ನಮ್ದು ಸುಬೇದಾರ್ರ ವಂಸ ಕಣಯ್ಯ. ಫಿರಂಗಿ ಮುಂದೇ ಬಗ್ಗದಿದ್ದ ತಲೆ, ಬಾಗ್ಲು ಮುಂದೆ ಬಗ್ತದಾ?"

ಆ ಸುಬೇದಾರರ ಹೆಸರು ಮರಿಸಿದ್ದಯ್ಯ. ಮಹಾರಾಜರ ಫೌಜಿನಲ್ಲಿದ್ದವರು. ಮಳವಳ್ಳಿ ಕಡೆಯ ಅವರ ಹಳ್ಳಿಯಲ್ಲಿ ಹೊನ್ನಯ್ಯನವರ ಹಳೆಯ ಮನೆಯನ್ನು ಇಂದಿಗೂ 'ಸುಬೇದಾರ್ರ ಮನೆ' ಎಂದೇ ಕರೆಯುವುದು. ಸುಬೇದಾರರ ಮಗ ನಾಗಯ್ಯ, ನಾಗಯ್ಯನ ಮಗ ಕೆಂಪಸಿದ್ದಯ್ಯ, ಕೆಂಪಸಿದ್ದಯ್ಯನ ಮಗ ಹೊನ್ನಯ್ಯನವರ ಅಪ್ಪ. ಹೀಗೆ ಮೀಸೆಯಿಂದ ಮೀಸೆಗೆ ಇಳಿದುಬಂದ ಶೌರ್ಯವೆಲ್ಲ ಕೊನೆಗೆ ಹೊನ್ನಯ್ಯನವರ ಹಣೆಯಲ್ಲಿ ಶೇಖರವಾಗಿದೆ ಎಂಬುದು ಮನೆತನದ ಕಥೆ.

ಮಂಡ್ಯದಲ್ಲಿ ಹೊಸ ಮನೆ ಕಟ್ಟಿಸಿದಾಗ ಈ ಕಥೆಗೆ ಕಷ್ಟಕಾಲ ಬಂತು. ಗೃಹಪ್ರವೇಶಕ್ಕೆ ಮುಂಚೆ ಮುಂಬಾಗಿಲ ಪಕ್ಕದಲ್ಲಿ ಹೆಸರು ಕೆತ್ತಿದ ಕಪ್ಪುಕಲ್ಲು ಕೂರಬೇಕು. ಹೊನ್ನಯ್ಯನವರು 'ಸುಬೇದಾರ್ ನಿಲಯ' ಎಂದರು. ಅವರ ಹೆಂಡತಿ ಮಂಗಳಮ್ಮನವರು 'ಮಂಗಳ ನಿಲಯ' ಎಂದರು. ನಿಲಯದ ವಿಷಯದಲ್ಲಿ ಇಬ್ಬರಿಗೂ ಸಂಪೂರ್ಣ ಒಮ್ಮತವಿತ್ತು. ಯುದ್ಧವೆಲ್ಲ ಅದರ ಹಿಂದಿನ ಪದದ್ದು.

"ಎರ್ಡು ವರ್ಸ ಬಿಸ್ಲಲ್ಲಿ ನಿಂತ್ಕೊಂಡು ಗೋಡೆಗೆ ನೀರಾಕಿದ್ದು ಯಾರು? ನಿಮ್ಮ ಸುಬೇದಾರ್ರಾ?"

"ವಂಸದ ಎಸ್ರು ಕಣಮ್ಮಿ ಅದು. ನಾಕು ಜನ ನೋಡ್ಬೇಕು."

"ವಂಸವಂತೆ! ನಮ್ಮ ಬೆಳ್ಳೂರ್ಗೆ ವರ್ಸ ವರ್ಸಾನೂ ಕೊಕ್ಕರೆ ಬತ್ತವೆ. ಗೂಡು ಕಟ್ತವೆ, ಮರಿ ಮಾಡ್ತವೆ, ಓಯ್ತವೆ. ಒಂದಾದ್ರೂವೆ ಗೂಡಿನ್ ಮುಂದೆ ತಾತನ ಎಸ್ರು ಕೆತ್ಸಿದ್ದ ನಾ ಕಾಣೆ."

(ಮಂಗಳಮ್ಮನವರ ತವರು ಕೊಕ್ಕರೆ ಬೆಳ್ಳೂರು. ಗಂಡನಿಗೆ ಬುದ್ಧಿ ಹೇಳಬೇಕಾದಾಗಲೆಲ್ಲ ಅವರು ಹಕ್ಕಿಗಳನ್ನು ಸಾಕ್ಷಿಗೆ ಕರೆಯುತ್ತಾರೆ. ಹಕ್ಕಿಗಳು ಈವರೆಗೆ ಒಮ್ಮೆಯೂ ಹೊನ್ನಯ್ಯನವರ ಪರ ಹೇಳಿಲ್ಲ.)

"ಕೊಕ್ಕರೆಗೆ ಕಾಗ್ದಪತ್ರ ಇಲ್ಲ. ನಮ್ಗದೆ."

"ಎಲ್ಲದೆ? ತೋರ್ಸಿ ಮತ್ತೆ."

ತೋರಿಸಲು ಏನೂ ಇರಲಿಲ್ಲ. ಮಂಗಳಮ್ಮನವರು ಸೆರಗು ಸಿಕ್ಕಿಸಿಕೊಂಡು ತೀರ್ಪು ಕೊಟ್ಟರು: "ಗೃಹಪ್ರವೇಸಕ್ಕೆ ಇನ್ನೂ ಎರ್ಡು ತಿಂಗ್ಳದೆ. ಅಷ್ಟ್ರೊಳ್ಗೆ ಸರ್ಕಾರಿ ಮೊಹರು ಬಿದ್ದಿರೋ ಕಾಗ್ದ ತನ್ನಿ, ನಿಮ್ಮ ಸುಬೇದಾರ್ರೇ ಬಾಗ್ಲಲ್ಲಿ ಕೂತ್ಕಳ್ಳಿ. ತರ್ನಿಲ್ವಾ, ಮಂಗಳ ನಿಲಯ. ಆಮೇಲೆ ಒಂದ್ ಮಾತೂ ಆಡಂಗಿಲ್ಲ."

ಮಂಗಳಮ್ಮನವರ ತಮ್ಮ ತಿಮ್ಮಯ್ಯ ಅಲ್ಲೇ ಕಡಲೆಪುರಿ ತಿನ್ನುತ್ತ ಕೂತಿದ್ದ. "ನಾನ್ ಕೇಳುಸ್ಕೊಂಡಿವ್ನಿ ಭಾವ," ಎಂದ. ಹೀಗೆ ಒಪ್ಪಂದಕ್ಕೆ ಸಾಕ್ಷಿಯೂ ಬಿತ್ತು.

ಮರುದಿನವೇ ದಂಡಯಾತ್ರೆ ಹೊರಟಿತು. ಕಂಕುಳಲ್ಲಿ ಛತ್ರಿ, ಚೀಲದಲ್ಲಿ ರಾಗಿರೊಟ್ಟಿ, ಎದೆಯಲ್ಲಿ ಒಂದು ಫಿರಂಗಿ. ಫೌಜು ಬಿಟ್ಟು ಬಂದವರ ಪಿಂಚಣಿ ಪುಸ್ತಕಗಳು ಎಲ್ಲಿವೆ ಎಂದು ವಿಚಾರಿಸುತ್ತ ಹೊನ್ನಯ್ಯನವರು ಕಚೇರಿಯಿಂದ ಕಚೇರಿಗೆ ನಡೆದರು. ಹೋದಲ್ಲೆಲ್ಲ ಒಂದು ಅರ್ಜಿ ಬರೆದರು, ಒಂದು ಬಾಗಿಲಿಗೆ ಹಣೆ ಕೊಟ್ಟರು. ಎಂಟನೆಯ ದಿನ, ದೂಳು ಕೊಡವಿ ತೆರೆದ ಪುಸ್ತಕವೊಂದರ ಹಳದಿ ಹಾಳೆಯಲ್ಲಿ ಆ ಸಾಲು ಕಂಡಿತು: 'ಮರಿಸಿದ್ದಯ್ಯ, ಸುಬೇದಾರ್, ಪದಾತಿ ದಳ.' ಹೊನ್ನಯ್ಯನವರು ಅಲ್ಲೇ ಅಟೆನ್ಷನ್ನಿನಲ್ಲಿ ನಿಂತು ಪುಸ್ತಕಕ್ಕೆ ಸಲ್ಯೂಟ್ ಹೊಡೆದರು. ಎದುರಿಗಿದ್ದ ಗುಮಾಸ್ತ ತನಗೇ ಇರಬೇಕೆಂದು ಎದ್ದು ಮರುಸಲ್ಯೂಟ್ ಹೊಡೆದ.

ಮೊಹರು ಬಿದ್ದ ನಕಲನ್ನು ಮಂಗಳಮ್ಮನವರು ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನವರೆಗೆ ಓದಿದರು. ಬೇರೆ ಯಾರೋ ಬಂದು ಪಿಂಚಣಿ ಎತ್ತಿಕೊಂಡು ಹೋಗದಿರಲೆಂದು ಆ ಕಾಲದಲ್ಲಿ ಆಳಿನ ಗುರುತುಗಳನ್ನೂ ಬರೆದಿಡುತ್ತಿದ್ದರು. ಎಡಗೆನ್ನೆಯ ಮೇಲೆ ಮಚ್ಚೆ. ಬಲಗಿವಿಯಲ್ಲಿ ಚಿನ್ನದ ಒಂಟಿ. ಎತ್ತರ...

"ಐದಡಿ ಎರ್ಡಂಗ್ಲ!" ಮಂಗಳಮ್ಮನವರು ಕನ್ನಡಕ ಕೆಳಗಿಳಿಸಿದರು. "ಅಲ್ಲಾ, ಈ ಪುಣ್ಯಾತ್ಮಂಗೆ ಬಗ್ಗೋ ತಾಪತ್ರಯನೇ ಇರ್ನಿಲ್ವಲ್ರೀ! ಯಾವ್ ಬಾಗ್ಲಲ್ಲಾದ್ರೂ ಪೇಟ ಸಮೇತ ನುಗ್ಬೋದಿತ್ತು. ಆರಡಿ ಇಟ್ಕೊಂಡು ಚಚ್ಚುಸ್ಕೊಂಡಿದ್ದು ನೀವೊಬ್ರೇಯ!"

"ಎತ್ರ ಬುಡಮ್ಮಿ. ಪದವಿ ನೋಡು."

"ಪದವಿ ದಿಟ, ಒಪ್ಕಂಡೆ. ಆದ್ರೆ ಅವ್ರು ನಿಮ್ಮೋರು ಅನ್ನಕ್ಕೆ ಇದ್ರಲ್ಲೇನದೆ? ಮಗ ನಾಗಯ್ಯನ ಎಸ್ರು ಎಲ್ಲದೆ?"

ಎಲ್ಲೂ ಇರಲಿಲ್ಲ. ಆದರೆ ಹೊನ್ನಯ್ಯನವರ ಆತ್ಮವಿಶ್ವಾಸಕ್ಕೆ ಇನ್ನೊಂದು ಬತ್ತಳಿಕೆ ಇತ್ತು. ಸುಬೇದಾರರು ತೀರಿಕೊಂಡ ಮೇಲೆ ಅವರ ಅಣ್ಣನ ಮಕ್ಕಳು ಆಸ್ತಿಗಾಗಿ ಮಳವಳ್ಳಿಯ ಕೋರ್ಟಿನಲ್ಲಿ ದೊಡ್ಡ ದಾವಾ ಹೂಡಿದ್ದರು, ಗೆದ್ದದ್ದು ನಮ್ಮವರೇ ಎಂದು ಅಜ್ಜಿ ಹೇಳುತ್ತಿದ್ದದ್ದು ಅವರಿಗೆ ನೆನಪಿತ್ತು. ಆಸ್ತಿಯ ದಾವಾ ಎಂದಮೇಲೆ ಯಾರ ಮಗ ಯಾರು ಎಂದು ಬರೆಯಲೇಬೇಕಲ್ಲ!

ಮಳವಳ್ಳಿಯ ಕೋರ್ಟಿನ ಎದುರು ಹೊಂಗೆಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುವ ಜಕೀವುಲ್ಲಾ ಸಾಹೇಬರು ಹೊನ್ನಯ್ಯನವರಿಗೆ ಹಳೆಯ ಪರಿಚಯ. ಅವರ ತಂದೆಯೂ ಅದೇ ಮರದಡಿ ಅರ್ಜಿ ಬರೆದವರು. ಹಳೆಯ ಕಾಲದ ಗುಮಾಸ್ತರ ಕೈಬರಹವನ್ನು ಸರಾಗವಾಗಿ ಓದಬಲ್ಲವರು ಆ ಸುತ್ತಿನಲ್ಲಿ ಅವರೊಬ್ಬರೇ. ನಕಲಿಗೆ ಅವರ ಕೈಯಲ್ಲೇ ಅರ್ಜಿ ಬರೆಸಿ ಹಾಕಿದ್ದಾಯಿತು. ಗೃಹಪ್ರವೇಶಕ್ಕೆ ಒಂದು ವಾರ ಇರುವಾಗ ನಕಲು ಕೈಗೆ ಬಂತು. ಹೊನ್ನಯ್ಯನವರು ನೋಡಿದರೆ, ಮಸಿ ತುಳಿದ ಇರುವೆಗಳು ಸಾಲುಗಟ್ಟಿ ದಿಬ್ಬಣ ಹೊರಟಂತಿತ್ತು ಬರಹ. 'ಸುಬೇದಾರ್' ಎಂಬ ಒಂದು ಪದ, ಕೊನೆಯಲ್ಲೊಂದು ನೇರಳೆ ಬಣ್ಣದ ಮೊಹರು, ಇವೆರಡನ್ನು ಬಿಟ್ಟು ಬೇರೇನೂ ತಿಳಿಯಲಿಲ್ಲ. ಅವರಿಗೆ ಅಷ್ಟು ಸಾಕಾಗಿತ್ತು.

ಜಕೀವುಲ್ಲಾ ಸಾಹೇಬರು ಎರಡು ಹಾಳೆ ಓದಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಓದಿದರು.

"ಹೊನ್ನಯ್ಯನೋರೇ, ಬನ್ನಿ, ಒಂದೊಂದು ಟೀ ಕುಡಿಯೋಣ. ಇದನ್ನ ಮೊದಲು ನಾವಿಬ್ರೇ ಕೂತು ಓದಿದ್ರೆ ಚೆನ್ನಾಗಿರ್ತದೆ."

"ಗೆದ್ದಿದ್ದು ನಮ್ಮೋರೇ ತಾನೆ ಸಾಬ್ರೇ?"

"ಗೆದ್ದಿದ್ದು ನಿಮ್ಮೋರೇ. ಅದರಲ್ಲಿ ಅನುಮಾನ ಬೇಡ. ಆದ್ರೆ..."

"ಗೆದ್ಮೇಲೆ ಇನ್ನೆಂತದು ಆದ್ರೆ? ಸುಬೇದಾರ್ರ ವಂಸದಲ್ಲಿ ಗುಟ್ಟು ಅನ್ನೋದೇ ಇಲ್ಲ. ಭಾನ್ವಾರ ನಮ್ಮ ಮನೆಗೆ ಬನ್ನಿ. ನನ್ನೆಂಡ್ತಿ ಮುಂದೆ, ನಮ್ಮ ಬಾಮೈದುನನ ಮುಂದೆ, ಕಲ್ಲು ಕೆತ್ತೋರ ಮುಂದೆ ಗಟ್ಟಿಯಾಗಿ ಓದಿ."

"ಒಂದ್ಸಲ ಯೋಚ್ನೆ ಮಾಡಿ..."

"ಗಟ್ಟಿಯಾಗಿ ಸಾಬ್ರೇ! ಬೀದಿಗೆಲ್ಲ ಕೇಳ್ಬೇಕು!"

ಭಾನುವಾರ ಹೊಸ ಮನೆಯ ಜಗುಲಿಯಲ್ಲಿ ದರ್ಬಾರು ನೆರೆಯಿತು. ಹೊನ್ನಯ್ಯನವರು ಮದುವೆಯ ಕಾಲದ ಜರಿಪೇಟ ಧರಿಸಿ ನಡುವಿನ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ತಿಮ್ಮಯ್ಯ, ಕಡಲೆಪುರಿಯೊಂದಿಗೆ. ಮದ್ದೂರಿನಿಂದ ಬಂದಿದ್ದ ಕಲ್ಲು ಕೆತ್ತುವ ಅಫ್ಸರ್ ಪಾಷಾ ನುಣುಪಾದ ಕಪ್ಪುಕಲ್ಲನ್ನು ಗೋಡೆಗೆ ಒರಗಿಸಿ, ಸೀಮೆಸುಣ್ಣ ಹಿಡಿದು ತಯಾರಾಗಿದ್ದರು. ಮಂಗಳಮ್ಮನವರು ಕಾಫಿ ಕೊಟ್ಟು ಬಾಗಿಲಿಗೆ ಒರಗಿ ನಿಂತರು. ಜಕೀವುಲ್ಲಾ ಸಾಹೇಬರು ಹೊನ್ನಯ್ಯನವರ ಕಡೆಗೆ ಕೊನೆಯದೊಂದು ನೋಟ ಬೀರಿದರು. ಹೊನ್ನಯ್ಯನವರು ಸೇನಾಪತಿಯ ಗತ್ತಿನಲ್ಲಿ ಕೈ ಬೀಸಿದರು. ಸಾಹೇಬರು ಗಂಟಲು ಸರಿಮಾಡಿಕೊಂಡರು.

"'ವಾದಿಗಳು, ಮೃತ ಸುಬೇದಾರ್ ಮರಿಸಿದ್ದಯ್ಯನ ಅಣ್ಣನ ಮಕ್ಕಳು. ಒಂದನೇ ಪ್ರತಿವಾದಿ, ಚಿಕ್ಕತಾಯಮ್ಮ, ಸದರಿ ಸುಬೇದಾರನ ಏಕಮಾತ್ರ ಸಂತಾನ. ಎರಡನೇ ಪ್ರತಿವಾದಿ, ನಾಗಯ್ಯ, ಒಂದನೇ ಪ್ರತಿವಾದಿಯ ಗಂಡ. ಮನೆ ಅಳಿಯ.'"

ತಿಮ್ಮಯ್ಯನ ಬಾಯಲ್ಲಿ ಪುರಿ ಅಗಿಯುವ ಸದ್ದು ನಿಂತಿತು.

"ಭಾವ, ನಾಗಯ್ಯ ಅಂದ್ರೆ ನಿಮ್ಮ ಮುತ್ತಾತ ಅಲ್ವಾ? ಸುಬೇದಾರ್ರ ಮಗ ಅಂತಿದ್ರಿ?"

"ಮಗನಾದ್ರೇನು, ಅಳಿಯನಾದ್ರೇನು," ಎಂದರು ಹೊನ್ನಯ್ಯನವರು. ಪೇಟ ಯಾಕೋ ಸ್ವಲ್ಪ ಬಿಗಿಯೆನಿಸಿತು. "ಅಂಥಾ ಮನೆಗೆ ಅಂತಿಂಥಾ ಅಳಿಯನ್ನ ತಂದಿರ್ತಾರಾ? ಮುಂದಕ್ಕೋದಿ ಸಾಬ್ರೇ. ಮುತ್ತಾತ ಕೋರ್ಟಲ್ಲಿ ಎಂಗೆ ಗುಡುಗವ್ನೆ, ಎಲ್ರೂ ಕೇಳ್ಳಿ."

ಸಾಹೇಬರು ಹಾಳೆ ತಿರುವಿದರು. ವಾದಿಗಳ ವಕೀಲರು ನಾಗಯ್ಯನನ್ನು ಕಟಕಟೆಯಲ್ಲಿ ನಿಲ್ಲಿಸಿ ಪಾಟೀ ಸವಾಲು ಮಾಡಿದ ಭಾಗ ಅದು.

"'ಪ್ರಶ್ನೆ: ದಾವಾ ಜಮೀನಿನ ಮೂಡಲಿಗೆ ಯಾರ ಜಮೀನಿದೆ? ಉತ್ತರ: ನನಗೆ ಗೊತ್ತಿಲ್ಲ. ನನ್ನ ಹೆಂಡತಿಗೆ ಗೊತ್ತು.

'ಪ್ರಶ್ನೆ: ಪಡುವಲಿಗೆ? ಉತ್ತರ: ಅದೂ ಅವಳಿಗೇ ಗೊತ್ತು.

'ಪ್ರಶ್ನೆ: ಸುಬೇದಾರನ ಮನೆಯಲ್ಲಿ ನಿನ್ನ ಕೆಲಸವೇನು? ಉತ್ತರ: ಎಮ್ಮೆ ಕಟ್ಟುವುದು. ಮಾವನವರ ಬೂಟು ಒರೆಸುವುದು.

'ಪ್ರಶ್ನೆ: ಮಾವ ಸತ್ತ ಮೇಲೆ? ಉತ್ತರ: ಬೂಟು ಒರೆಸುವುದು ನಿಂತಿದೆ.

'ಪ್ರಶ್ನೆ: ಸುಬೇದಾರ ಉಯಿಲು ಬರೆದಾಗ ನೀನು ಎಲ್ಲಿದ್ದೆ? ಉತ್ತರ: ಹಿತ್ತಿಲಲ್ಲಿದ್ದೆ. ಪ್ರಶ್ನೆ: ಯಾಕೆ? ಉತ್ತರ: ಹೆಂಡತಿ ಅಲ್ಲಿರು ಎಂದಿದ್ದಳು.'"

ಮಂಗಳಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸಾಹೇಬರು ಓದುವುದನ್ನು ನಿಲ್ಲಿಸಿ, "ಇಲ್ಲಿ ನ್ಯಾಯಾಧೀಶರು ತಮ್ಮ ಕೈಯಲ್ಲೇ ಒಂದು ಷರಾ ಬರೆದಿದ್ದಾರೆ. ಬಿಟ್ಟುಬಿಡ್ಲಾ?" ಎಂದು ಮೆಲ್ಲಗೆ ಕೇಳಿದರು.

"ಬುಡ್ಬೇಡಿ ಬುಡ್ಬೇಡಿ," ಎಂದ ತಿಮ್ಮಯ್ಯ. "ಗಟ್ಟಿಯಾಗೇ ಓದಿ. ಬೀದಿಗ್ ಕೇಳ್ಬೇಕು ಅಂದವ್ರೆ ಭಾವ."

"'ಸಾಕ್ಷಿಯು ಪ್ರತಿ ಉತ್ತರಕ್ಕೂ ಮುಂಚೆ ಬಾಗಿಲ ಕಡೆ ನೋಡುತ್ತಾನೆ. ಅಲ್ಲಿ ಅವನ ಹೆಂಡತಿ ನಿಂತಿದ್ದಾಳೆ. ಆಕೆಯನ್ನು ಹೊರಗೆ ಕಳುಹಿಸಲಾಯಿತು. ಅನಂತರ ಸಾಕ್ಷಿಯು ಏನನ್ನೂ ಹೇಳಲಿಲ್ಲ.'"

ಮಂಗಳಮ್ಮನವರು ಹೊಸ್ತಿಲ ಮೇಲೆ ಕುಸಿದು ಕೂತು ನಕ್ಕರು. ಅಫ್ಸರ್ ಪಾಷಾ ಕಲ್ಲಿನ ಕಡೆ ತಿರುಗಿಕೊಂಡರು. ಅವರ ಭುಜಗಳು ಮಾತ್ರ ಕುಲುಕುತ್ತಿದ್ದವು. ಹೊನ್ನಯ್ಯನವರು ಗೋಡೆ ನೋಡಿದರು. ಆಕಾಶ ನೋಡಿದರು. ಎಲ್ಲಿ ನೋಡಿದರೂ ಎಮ್ಮೆ ಕಟ್ಟುವ ನಾಗಯ್ಯನೇ ಕಂಡ.

"ತೀರ್ಪು ಓದಿ ಸಾಬ್ರೇ," ಎಂದರು ಕೊನೆಗೆ. "ಗೆದ್ದಿದ್ದು ನಮ್ಮೋರೇ."

"'ದಾವಾ ವಜಾ ಆಗಿದೆ. ಸ್ವತ್ತು ಚಿಕ್ಕತಾಯಮ್ಮನದು. ಆಕೆಯ ಹೇಳಿಕೆ ಸ್ಪಷ್ಟವೂ ನಿರ್ಭೀತವೂ ಆಗಿದೆ. ಎರಡನೇ ಪ್ರತಿವಾದಿಯ ಹೇಳಿಕೆಯನ್ನು ಗಮನಿಸುವ ಅಗತ್ಯ ಕಂಡುಬಂದಿಲ್ಲ.'"

"ಗೆದ್ದೋರು ನಿಮ್ಮ ಮುತ್ತಜ್ಜಿ," ಎಂದರು ಮಂಗಳಮ್ಮನವರು ಕಣ್ಣೊರೆಸಿಕೊಳ್ಳುತ್ತ. ಅನಂತರ ಎದ್ದು ನಿಂತರು. ಇನ್ನೇನು 'ಮಂಗಳ ನಿಲಯ' ಎಂಬ ಗುಂಡು ಹಾರುತ್ತದೆ ಎಂದು ಹೊನ್ನಯ್ಯನವರು ಕಣ್ಣು ಮುಚ್ಚಿಕೊಂಡರು.

"ನಾನು ಮಾತಿಗ್ ತಪ್ಪೋಳಲ್ಲ. ಮೊಹರು ಬಿದ್ದದೆ, ಸುಬೇದಾರ್ರೂ ಇವ್ರ ಮನೆಯೋರೇಯ. 'ಸುಬೇದಾರ್ ನಿಲಯ' ಅಂತ್ಲೇ ಕೆತ್ತಿ ಪಾಷಾ."

ಹೊನ್ನಯ್ಯನವರು ಕಣ್ಣು ತೆರೆದರು. ಎದೆಯಲ್ಲಿ ಫಿರಂಗಿ ಮತ್ತೆ ಅಲುಗಿತು. ಅವರು ಮೀಸೆಗೆ ಕೈ ಒಯ್ಯುವಷ್ಟರಲ್ಲಿ ಮಂಗಳಮ್ಮನವರು ಮುಂದುವರಿಸಿದರು.

"ಆದ್ರೆ ಆ ಮನೇಲಿ ಸುಬೇದಾರ್ಕೆ ನಡ್ಕೊಂಡು ಬಂದಿರೋದು ಎಂಗಸ್ರಿಂದ. ಸುಬೇದಾರ್ರಾದ್ಮೇಲೆ ಚಿಕ್ಕತಾಯಮ್ಮ. ಆಮೇಲೆ ಇವ್ರಜ್ಜಿ. ಆಮೇಲೆ ನಮ್ಮತ್ತೆ. ಈಗ ನಾನು. ಅದ್ಕೇ ಕೆಳ್ಗಡೆ 'ಶ್ರೀಮತಿ ಮಂಗಳಮ್ಮ' ಅಂತ ಕೆತ್ತಿ. ಅಕ್ಷರ ದಪ್ಪಗಿರ್ಲಿ."

ಅಲ್ಲ ಎನ್ನಲು ಹೊನ್ನಯ್ಯನವರು ಬಾಯಿ ತೆರೆದರು. ಆ ವಂಶದ ಯಾವನಾದರೊಬ್ಬ ಗಂಡಸು, ಯಾವತ್ತಾದರೂ, ಏನನ್ನಾದರೂ ತಾನೇ ತೀರ್ಮಾನಿಸಿದ ಒಂದು ಉದಾಹರಣೆ ಸಿಕ್ಕಿದ್ದರೆ ಅವರು ಹೇಳಿಯೂ ಬಿಡುತ್ತಿದ್ದರು. ಅಜ್ಜ ಕೆಂಪಸಿದ್ದಯ್ಯ ಬಿತ್ತನೆಯ ದಿನವನ್ನು ಅಜ್ಜಿಯಿಂದಲೇ ತಿಳಿದುಕೊಳ್ಳುತ್ತಿದ್ದರು. ಅಪ್ಪ ಇಡೀ ಜನ್ಮದಲ್ಲಿ ಹೆಚ್ಚು ಸಲ ಆಡಿದ ಮಾತು 'ನಿಮ್ಮವ್ವನ್ನ ಕೇಳು' ಎಂಬುದು.

ಅಫ್ಸರ್ ಪಾಷಾ ಸೀಮೆಸುಣ್ಣದಲ್ಲಿ ಮೇಲಿನ ಸಾಲು ಬರೆದರು. ಅದರ ಕೆಳಗೆ 'ಶ್ರೀಮತಿ ಮಂಗಳಮ್ಮ' ಎಂದು ದಪ್ಪಗೆ, ಕಲ್ಲಿನ ಈ ಅಂಚಿನಿಂದ ಆ ಅಂಚಿನವರೆಗೆ ಬರೆದರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಆಮೇಲೆ ಮರ್ಯಾದಸ್ಥರಾದ ಅವರು ಹೊನ್ನಯ್ಯನವರ ಕಡೆಗೆ ತಿರುಗಿ ಕೇಳಿದರು:

"ಯಜಮಾನ್ರೇ, ನಿಮ್ಮ ಹೆಸರು ಎಲ್ಲಿ ಹಾಕ್ಲಿ?"

ಜಗುಲಿಯಲ್ಲಿದ್ದವರೆಲ್ಲ ಅವರ ಮುಖ ನೋಡಿದರು. ಹೊನ್ನಯ್ಯನವರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕಲ್ಲನ್ನು ಒಂದು ಕ್ಷಣ ದಿಟ್ಟಿಸಿದರು.

"ಜಾಗ ಮಿಕ್ಕುದ್ರೆ ಆಕಪ್ಪ."