ಕುದ್ರೋಳಿಯ ಮೆಕ್ಸಿಕೊ ಮರ

ಇಪ್ಪತ್ತು ಚಿಲ್ಲರೆ ವರ್ಷ ಜುಬೈಲಿನಲ್ಲಿ ಕೂತು ಫೋನಿನಲ್ಲೇ ಮನೆ ಆಳಿದ ಹಾಶಿಂ, ಗಲ್ಫ್ ಬಿಟ್ಟು ಊರಿಗೆ ಬಂದ ಮೇಲೆ ತನ್ನ ಕೈಯಲ್ಲಿ ಉಳಿದಿರುವುದು ಬಂಗುಡೆ ಮೀನು ತರುವ ಖಾತೆಯೊಂದೇ ಎಂದು ಕಂಡುಕೊಂಡ. ಮೊದಲ ವಾರ ಮನೆಯವರು ಅವನನ್ನು ಅತಿಥಿಯಂತೆ ನೋಡಿಕೊಂಡರು. ಎರಡನೆಯ ವಾರ ಮನೆಯವನಂತೆ ನೋಡಿಕೊಂಡರು. ಆಮೇಲೆ ನೋಡುವುದನ್ನೇ ಬಿಟ್ಟರು. ಅದೂ ಸ್ವಂತ ಮನೆಯಲ್ಲ, ಕುದ್ರೋಳಿಯಲ್ಲಿರುವ ಹೆಂಡತಿಯ ತವರುಮನೆ. ಅಲ್ಲಿ ಗೃಹಮಂತ್ರಿ ಹೆಂಡತಿ ಝಹ್ರಾ, ಹೈಕಮಾಂಡ್ ಅತ್ತೆ ಬೀಫಾತಿಮ್ಮ. ತಲೆ ಪೂರ್ತಿ ಬೋಳಾದ ಈ ಅಳಿಯನನ್ನು ಬೀಫಾತಿಮ್ಮ ಈಗಲೂ ‘ಪುದಿಯಾಪ್ಲೆ’ ಎಂದೇ ಕರೆಯುತ್ತಾರೆ. (ಹಾಗೆಂದರೆ ಹೊಸ ಮದುಮಗ. ಬ್ಯಾರಿಗಳ ಮನೆಯಲ್ಲಿ ಅಳಿಯ ಎಂದೂ ಹಳಬನಾಗುವುದಿಲ್ಲ. ಹಳೆಯದಾಗುವುದು ಅವನ ಮಾತು ಮಾತ್ರ.)

ಮಾತಿಗೆ ಬೆಲೆಯಿಲ್ಲದ ಗಂಡಸರು ಸಾಮಾನ್ಯವಾಗಿ ರಾಜಕೀಯಕ್ಕೆ ಇಳಿಯುತ್ತಾರೆ. ಹಾಶಿಂ ಸಸ್ಯಶಾಸ್ತ್ರಕ್ಕೆ ಇಳಿದ. ಎಲೆಯ ಮುಂದೆ ಹಿಡಿದರೆ ಸಾಕು, ಗಿಡದ ಕುಲಗೋತ್ರವನ್ನೆಲ್ಲ ಒಪ್ಪಿಸುವ ಒಂದು ಆ್ಯಪನ್ನು ಫೋನಿಗೆ ಹಾಕಿಸಿಕೊಂಡ. ನೋಡನೋಡುತ್ತ ಹಿತ್ತಿಲ ಬಸಳೆ, ತೊಂಡೆ, ಕೆಸುವು ಎಲ್ಲಕ್ಕೂ ಲ್ಯಾಟಿನ್ ನಾಮಕರಣವಾಯಿತು. ಕರಿಬೇವು ತನ್ನಿ ಎಂದರೆ ಝಹ್ರಾಳ ಕೈಗೆ ಕರಿಬೇವಿಗಿಂತ ಮೊದಲು ಅದರ ಜೀವನಚರಿತ್ರೆ ಬರುತ್ತಿತ್ತು. ಅಷ್ಟರಲ್ಲಿ ಒಗ್ಗರಣೆ ಕರಟಿ ಹೋಗಿರುತ್ತಿತ್ತು.

ಹೀಗಿರುವಾಗ ಜನವರಿಯ ಒಂದು ಬೆಳಿಗ್ಗೆ, ಬಂಗುಡೆಗೆಂದು ಚೀಲ ಹಿಡಿದು ಹಿತ್ತಿಲ ಬಾಗಿಲಿನಿಂದ ಹೊರಟ ಹಾಶಿಂ ಅಲ್ಲೇ ನಿಂತುಬಿಟ್ಟ. ಮೂಲೆಯಲ್ಲಿ, ಆಳೆತ್ತರಕ್ಕಿಂತ ತುಸು ಮಿಕ್ಕಿದ್ದ ಸಣ್ಣ ಮರವೊಂದು ಮೈಮೇಲೆ ಒಂದು ಎಲೆಯೂ ಇಲ್ಲದೆ, ಅಡಿಯಿಂದ ಮುಡಿಯವರೆಗೆ ತಿಳಿಗುಲಾಬಿ ಹೂ ಹೊತ್ತು ನಿಂತಿತ್ತು. ಮೊನ್ನೆಮೊನ್ನೆಯವರೆಗೆ ಅದು ಸತ್ತ ಕೋಲು ಎಂದೇ ಅವನು ತಿಳಿದಿದ್ದ. ಕೈ ತಾನಾಗಿ ಫೋನಿಗೆ ಹೋಯಿತು. ಆ್ಯಪ್ ಸ್ವಲ್ಪ ಹೊತ್ತು ಗಿರಗಿರ ತಿರುಗಿ ತೀರ್ಪು ಕೊಟ್ಟಿತು: ‘ಗ್ಲಿರಿಸಿಡಿಯಾ ಸೇಪಿಯಂ. ಎಲೆ ಉದುರಿಸುವ ಸಣ್ಣ ಮರ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಒಣ ಉಷ್ಣವಲಯದ ಕಾಡುಗಳು ಇದರ ತವರು.’ ಅದರಾಚೆ ಓದಬೇಕಾದರೆ ದುಡ್ಡು ಕಟ್ಟಬೇಕೆಂದಿತು. ಹಾಶಿಂ ಆಚೆಗೆ ಓದಲಿಲ್ಲ. ತವರು ತಿಳಿದ ಮೇಲೆ ಇನ್ನೇನು ತಿಳಿಯಲಿಕ್ಕುಂಟು?

ಅವನ ಕಣ್ಣು ತುಂಬಿ ಬಂತು. ಒಣ ದೇಶದ ಜೀವ, ಆಕಾಶವೇ ಹರಿದು ಬೀಳುವ ಈ ಮಂಗಳೂರಿನ ಮಳೆಗೆ ಬಂದು ಹೆಂಡತಿಯ ಹಿತ್ತಿಲ ಮೂಲೆಯಲ್ಲಿ ಯಾರೂ ಕೇಳುವವರಿಲ್ಲದೆ ನಿಂತಿದೆ. ಎಲೆಯನ್ನೂ ಉದುರಿಸಿಕೊಂಡಿದೆ. ಇಬ್ಬರಿಗೂ ಎಂಥ ಸಾಮ್ಯ! (ಮರಕ್ಕೆ ಉದುರಿದ್ದು ವರ್ಷಾವರ್ಷ ಮರಳಿ ಬರುತ್ತದೆ ಎನ್ನುವುದೊಂದೇ ವ್ಯತ್ಯಾಸ.)

“ಝಹ್ರಾ! ಬಾ ಇಲ್ಲಿ. ನಮ್ಮ ಹಿತ್ತಿಲಲ್ಲಿ ಎಂತ ಉಂಟು ಗೊತ್ತುಂಟಾ?”

“ಗೊತ್ತುಂಟು. ನೀವು ಉಂಟು. ಮೀನಿಗೆ ಇನ್ನೂ ಹೋಗ್ಲಿಲ್ಲ.”

“ಇದು ಗ್ಲಿರಿಸಿಡಿಯಾ ಸೇಪಿಯಂ!”

“ಪಿ.ಎಂ. ಗೊತ್ತುಂಟು, ಸಿ.ಎಂ. ಗೊತ್ತುಂಟು. ಇದ್ಯಾವ ಸೇಪಿಯಂ ಮಾರಾಯ್ರೆ?” ಝಹ್ರಾ ಸೌಟು ಹಿಡಿದೇ ಹೊರಗೆ ಬಂದಳು. “ಯಾವುದಾದ್ರೂ ಆಗ್ಲಿ, ಆದಿತ್ಯವಾರ ಉಬೈದ್ ಬಂದು ಕಡಿತಾನೆ. ಅಲ್ಲಿ ಶೀಟ್ ಹಾಕಿ ಒಲೆ ಇಡ್ಲಿಕ್ಕುಂಟು.”

ಉಬೈದ್ ಅವಳ ತಮ್ಮ. ರಂಝಾನಿನಲ್ಲಿ ಇಫ್ತಾರಿಗೆ ಝಹ್ರಾ ಮಾಡಿಕೊಡುವ ಸಮೋಸ, ಕಟ್ಲೆಟ್‌ಗಳಿಗೆ ಕೊಡಿಯಾಲ್‌ಬೈಲಿನ ಫ್ಲ್ಯಾಟುಗಳಿಂದ ಹಿಡಿದು ಕಂಕನಾಡಿಯವರೆಗೆ ಗಿರಾಕಿಗಳಿದ್ದರು. ಅಡುಗೆಮನೆ ಸಾಲುತ್ತಿರಲಿಲ್ಲ. ರಂಝಾನ್ ಬರುವ ಮೊದಲೇ ಹಿತ್ತಿಲಲ್ಲಿ ಒಂದು ಶೀಟಿನ ಮಾಡು ಏಳಬೇಕಿತ್ತು.

“ಇದು ಮೆಕ್ಸಿಕೊದ ಮರ. ಇದನ್ನು ಕಡಿಲಿಕ್ಕಿಲ್ಲ,” ಎಂದ ಹಾಶಿಂ.

ಹೇಳಿದ ಮೇಲೆ ಅವನಿಗೇ ಹೆದರಿಕೆಯಾಯಿತು. ಆದರೆ ಬಾಣ ಬಿಟ್ಟಾಗಿತ್ತು. ಊರಿಗೆ ಬಂದ ಮೇಲೆ ಈ ಮನೆಯಲ್ಲಿ ಅವನು ಆಡಿದ ಮೊದಲ ‘ಕೂಡದು’ ಅದು. ಇದೊಂದು ನಡೆದರೆ ನಡೆಯಿತು. ಇಲ್ಲದಿದ್ದರೆ ಜೀವಮಾನವಿಡೀ ಬಂಗುಡೆಯೇ ಗತಿ. ಮರ ಹೋದರೆ ಮರ್ಯಾದೆಯೂ ಹೋದಂತೆ.

“ಮೆಕ್ಸಿಕೊದ ಮರ ಕುದ್ರೋಳಿಗೆ ನಡ್ಕೊಂಡು ಬಂತಾ?” ಝಹ್ರಾ ಕೇಳಿದಳು. “ನಾನು ಆಚೆ ವರ್ಷ ನಿಮ್ಮ ಹತ್ತಿರ ಜುಬೈಲಿಗೆ ಬರುವಾಗ ಇಲ್ಲಿ ಎಂತದೂ ಇರ್ಲಿಲ್ಲ. ತಿರುಗಿ ಬಂದು ನೋಡುವಾಗ ಎಂತದೋ ಕಾಡುಗಿಡ ಎದ್ದಿತ್ತು.”

“ಹಡಗಿನಲ್ಲಿ ಬಂದದ್ದು. ಪೋರ್ಚುಗೀಸರ ಹಡಗು. ಹಳೆ ಬಂದರು ಇಲ್ಲೇ ಅಲ್ವಾ? ಬೀಜ ನಾಲ್ಕುನೂರು ವರ್ಷ ಮಣ್ಣಿನಡಿ ಮಲಗಿತ್ತು. ಈಗ ಎದ್ದಿದೆ.”

“ಅಲ್ಲಾಹ್! ನಿಮಗಿಂತ ಜಾಸ್ತಿ ಮಲಗುವ ಜೀವ ಒಂದುಂಟು ಅಂತ ಈಗ ಗೊತ್ತಾಯ್ತು.” ಝಹ್ರಾ ಒಳಗೆ ಹೊರಟಳು. “ಮನೆ ಉಮ್ಮನದ್ದು, ಹಿತ್ತಿಲೂ ಉಮ್ಮನದ್ದು. ಕಂಕನಾಡಿಯಿಂದ ಉಮ್ಮ ಬರ್ಲಿ. ಅವರು ಹೇಳಿದ ಹಾಗೆ.”

ಬೀಫಾತಿಮ್ಮ ಆಗ ಕಂಕನಾಡಿಯಲ್ಲಿ ಕಿರಿಮಗಳು ಜಸೀಲಾಳ ಮನೆಯಲ್ಲಿದ್ದರು. ಆದಿತ್ಯವಾರದವರೆಗೆ ಸಿಕ್ಕಿದ ಈ ಕದನವಿರಾಮದಲ್ಲಿ ಹಾಶಿಂ ಸುಮ್ಮನೆ ಕೂರಲಿಲ್ಲ. ಮರದ ಸುತ್ತ ಇಟ್ಟಿಗೆಯ ಕಟ್ಟೆ ಕಟ್ಟಿದ. ಏಸಿಯಿಂದ ತೊಟ್ಟಿಕ್ಕುವ ನೀರನ್ನು ಬಕೆಟಿನಲ್ಲಿ ಹಿಡಿದು ತಂದು ಎರೆದ. ಹಲಗೆಯ ಮೇಲೆ ಲ್ಯಾಟಿನ್ ಹೆಸರು ಬರೆಸಿ ಕೊಂಬೆಗೆ ತೂಗುಹಾಕಿದ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ‘ನಮ್ಮ ಮನೆಗೆ ನಾಲ್ಕು ಶತಮಾನಗಳ ಅತಿಥಿ’ ಎಂಬ ತಲೆಬರಹದಡಿ ಉದ್ದುದ್ದ ಬರೆದ. ಝಹ್ರಾ ಮಾತ್ರ ಹೂವಿನದೊಂದು ಫೋಟೊ ತೆಗೆದು, ‘ಮೆಕ್ಸಿಕೊ ಮರದಡಿಯ ಸಮೋಸ’ ಎಂದು ತನ್ನ ಸ್ಟೇಟಸಿಗೆ ಹಾಕಿದಳು. ಕೆಲಸಕ್ಕೆ ಬಾರದ್ದು ಕಣ್ಣೆದುರು ನಿಂತಿದ್ದರೆ ಅದರಿಂದಲೂ ಏನಾದರೂ ಕೆಲಸ ತೆಗೆಯುವುದು ಅವಳ ಕ್ರಮ. (ಇದು ಮರದ ವಿಷಯ.)

ಆದಿತ್ಯವಾರ ಬೀಫಾತಿಮ್ಮ ರಿಕ್ಷಾದಿಂದ ಇಳಿದವರು ಬುರ್ಖಾ ಸಹ ತೆಗೆಯದೆ ನೇರ ಹಿತ್ತಿಲಿಗೆ ನಡೆದರು. ತನ್ನ ಹಿತ್ತಿಲಲ್ಲಿ ತನ್ನನ್ನು ಕೇಳದೆ ಮೆಕ್ಸಿಕೊದವರು ಬಂದು ಬೇರೂರಿದ್ದಾರೆಂದರೆ ನೋಡದೆ ಇರುವುದು ಹೇಗೆ? ಹಿಂದಿನಿಂದ ಜಸೀಲಾ, ಅವಳ ಹಿಂದೆ ಕತ್ತಿ ಹಿಡಿದ ಉಬೈದ್.

ಹಾಶಿಂ ಗಂಟಲು ಸರಿಮಾಡಿಕೊಂಡ. “ಮಾಮಿ, ಇದು ಸಾಧಾರಣ ಮರ ಅಲ್ಲ. ಒಣ ಉಷ್ಣವಲಯದ ಕಾಡಿನ ಮೂಲನಿವಾಸಿ. ಸಮುದ್ರ ದಾಟಿ...”

ಬೀಫಾತಿಮ್ಮ ಮರವನ್ನು ಮೇಲಿಂದ ಕೆಳಗೆ ನೋಡಿದರು. ಬುಡಕ್ಕೆ ಬಗ್ಗಿ ನೋಡಿದರು. ಮತ್ತೆ ಮಗನತ್ತ ತಿರುಗಿದರು.

“ಉಬೈದ್, ಇದು ಅದೇ ಅಲ್ವಾ?”

“ಯಾವುದು ಉಮ್ಮ?”

“ಆಡಿನ ಗೂಟ.”

ಹಾಶಿಂ ಲ್ಯಾಟಿನ್ ಹಲಗೆಗೆ ಅಡ್ಡವಾಗಿ ನಿಂತ.

“ಯಾ ಅಲ್ಲಾಹ್, ಹೌದು ಭಾವ!” ಉಬೈದ್ ಹಣೆಗೆ ಕೈ ಹೊಡೆದುಕೊಂಡ. “ಆಚೆ ವರ್ಷ ಅಕ್ಕ ನಿಮ್ಮಲ್ಲಿಗೆ ಬಂದಿದ್ರಲ್ಲ, ಆಗ ಬಕ್ರೀದಿಗೆ ಆಡು ತಂದದ್ದು. ಕಟ್ಲಿಕ್ಕೆ ಗೂಟ ಇಲ್ಲ. ಬಜ್ಪೆಯಲ್ಲಿ ನನ್ನ ಫ್ರೆಂಡಿನ ಬೇಲಿಯಿಂದ ಒಂದು ಕೋಲು ಕಡ್ಕೊಂಡು ಬಂದು ಇಲ್ಲಿ ಬಡಿದೆ. ಇದು ಗೊಬ್ಬರದ ಗಿಡ ಅಲ್ವಾ? ತೋಟದವರು ಸೊಪ್ಪಿಗೆ, ಬೇಲಿಗೆ ಇಡೀ ಊರಲ್ಲಿ ನೆಡ್ತಾರೆ.”

“ಗೂಟ ಎಲ್ಲಿಯಾದ್ರೂ ಹೂ ಬಿಡ್ತದಾ?” ಹಾಶಿಮನ ಸ್ವರ ಕೀರಲಾಯಿತು.

“ಬಡಿದದ್ದು ಮಳೆಗಾಲದಲ್ಲಿ ಅಲ್ವಾ ಪುದಿಯಾಪ್ಲೆ?” ಬೀಫಾತಿಮ್ಮ ಸಮಾಧಾನ ಹೇಳಿದರು. “ಆ ಮಳೆಗೆ ಕೊಡೆ ಊರಿದ್ರೂ ಚಿಗುರ್ತಿತ್ತು. ಆಡು ಪಾಪ ಒಳ್ಳೇದು. ಇದಕ್ಕೇ ಮೈ ಉಜ್ಜಿಕೊಂಡು ನಿಲ್ತಿತ್ತು.”

“ಭಾವ, ಗುಂಪಿನಲ್ಲಿ ನಾನು ಬರಿಲಾ, ನೀವು ಬರಿತೀರಾ?” ಎಂದು ಜಸೀಲಾ ಆಗಲೇ ಫೋನ್ ತೆಗೆದಿದ್ದಳು.

ನಾಲ್ಕು ಶತಮಾನಗಳ ಇತಿಹಾಸ ಹೀಗೆ ಒಂದು ಬಕ್ರೀದಿಗೆ ಬಂದು ನಿಂತಿತು. ಹಾಶಿಂ ಉಬೈದನ ಕೈಯಿಂದ ಕತ್ತಿ ಕಿತ್ತುಕೊಂಡ. ಮಾತು ಹೋದರೆ ಹೋಯಿತು, ಸಾಕ್ಷಿಯಾದರೂ ಉಳಿಯಬಾರದು.

“ಕಡಿದುಬಿಡ್ತೇನೆ. ಈಗಲೇ. ಶೀಟ್ ಹಾಕಿ, ಒಲೆ ಇಡಿ, ಎಂತ ಬೇಕಾದ್ರೂ ಮಾಡಿ.”

“ಕಡಿಯುವುದಾ?” ಝಹ್ರಾ ಮರಕ್ಕೆ ಅಡ್ಡ ಬಂದು ನಿಂತಳು. “ಹೂ ನೋಡಿ ಎಷ್ಟು ಜನ ಆರ್ಡರ್ ಕೊಟ್ಟಿದ್ದಾರೆ ಗೊತ್ತುಂಟಾ? ಮರದಡಿಯಲ್ಲಿ ನಿಂತು ಫೋಟೊ ತೆಗಿಬಹುದಾ ಅಂತ ಕೇಳ್ತಾರೆ. ಈಗ ಕಡಿದ್ರೆ ನಾನು ಅವರಿಗೆ ಎಂತ ಹೇಳುವುದು?”

“ಆದರೆ ಅದು ಗೂಟ ಮಾರಾಯ್ತಿ!”

“ಮೆಕ್ಸಿಕೊದ್ದು ಅಂತ ಹೇಳಿದ್ದು ಯಾರು? ನೀವು. ಅದು ಸುಳ್ಳಾ?”

“ಸುಳ್ಳಲ್ಲ, ಆದರೆ...”

“ಮತ್ತೆ?”

“ನನ್ನ ಮಾತು ಕೇಳು, ಇದನ್ನು...”

“ನಿಮ್ಮ ಮಾತು ಕೇಳಿಯೇ ಸ್ಟೇಟಸಿಗೆ ಹಾಕಿದ್ದಲ್ವಾ?”

ಹಾಶಿಂ ಆಸೆಯಿಂದ ಹೈಕಮಾಂಡಿನತ್ತ ನೋಡಿದ. ಉಬೈದ್ ಅಷ್ಟರಲ್ಲಿ ಮರವನ್ನು ಹಿಡಿದು ಅಲ್ಲಾಡಿಸಿ ನೋಡುತ್ತಿದ್ದ. “ಉಮ್ಮ, ಬೇರು ಒಳ್ಳೆ ಗಟ್ಟಿ ಉಂಟು. ಶೀಟಿನ ಒಂದು ಮೂಲೆ ಇದಕ್ಕೇ ಕಟ್ಟಬಹುದು. ಒಂದು ಕಂಬ ಉಳೀತು.”

“ಮರ ಇರ್ಲಿ,” ಎಂದರು ಬೀಫಾತಿಮ್ಮ. ಕಲಾಪ ಮುಗಿಯಿತು.

ನ್ಯಾಯವಾಗಿ ನೋಡಿದರೆ ಹಾಶಿಂ ಮೊದಲ ದಿನ ಹೇಳಿದ್ದೇ ನಡೆಯಿತು. ಮರವನ್ನು ಕಡಿಯಲಿಲ್ಲ. ಆದರೆ ಅವನು ಉಳಿಸಿ ಎಂದಾಗ ಅದನ್ನು ಕಡಿಯುವವರಿದ್ದರು. ಕಡಿಯುತ್ತೇನೆ ಎಂದಾಗ ಉಳಿಸುವವರಾದರು. ಇದರಲ್ಲಿ ಅವನ ಮಾತು ಎಷ್ಟು ನಡೆಯಿತು ಎಂಬ ಲೆಕ್ಕ ಯಾವ ಆ್ಯಪಿನಲ್ಲೂ ಸಿಗಲಿಲ್ಲ. ಕತ್ತಿ ಮಾತ್ರ ಇನ್ನೂ ಅವನ ಕೈಯಲ್ಲೇ ಇತ್ತು.

“ಅದನ್ನು ಕೆಳಗಿಡಿ,” ಎಂದಳು ಝಹ್ರಾ. “ಕೊಚ್ಚಲೇಬೇಕು ಅಂತ ಕೈ ತುರಿಸಿದ್ರೆ, ಸಮೋಸಕ್ಕೆ ನೀರುಳ್ಳಿ ಉಂಟು.”

ರಂಝಾನ್ ಬಂತು. ಹೊಸ ಮಾಡಿನ ಒಂದು ಮೂಲೆ ಮೆಕ್ಸಿಕೊದ ಮೇಲೆ ಕೂತಿತು. ಅದರ ಪಕ್ಕ, ಸಾಯಂಕಾಲದ ಬಿಸಿಲಿನಲ್ಲಿ, ಉಪವಾಸದ ಹೊಟ್ಟೆಯಲ್ಲಿ, ಮೆಟ್ಟುಕತ್ತಿಯ ಮುಂದೆ ಹಾಶಿಂ ಕೂತ. ಬುಟ್ಟಿ ತುಂಬ ನೀರುಳ್ಳಿ. ಮೇಲಿಂದ ಒಂದೊಂದೇ ಗುಲಾಬಿ ಹೂ ಅವನ ಬೋಳುತಲೆಯ ಮೇಲೆ ಉದುರುತ್ತಿತ್ತು.

ಝಹ್ರಾಳಿಗೆ ಕಾನ್ವೆಂಟಿನಲ್ಲಿ ಪಾಠ ಹೇಳಿದ್ದ ಎವ್ಲಿನ್ ಟೀಚರ್ ಕಟ್ಲೆಟಿಗೆಂದು ಬಂದವರು ಆ ದೃಶ್ಯ ಕಂಡು ಬಾಗಿಲಲ್ಲೇ ನಿಂತರು. ಹಾಶಿಮನ ಎರಡೂ ಕೆನ್ನೆಗಳ ಮೇಲೆ ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು.

“ಝಹ್ರಾ, ನೋಡು ನಿನ್ನ ಹಸ್ಬೆಂಡ್! ಹೂ ಉದುರುವುದನ್ನು ನೋಡ್ಲಿಕ್ಕೆ ಆಗ್ದೆ ಅಳ್ತಾ ಇದ್ದಾರೆ. ಎಷ್ಟು ಮೃದು ಮನಸ್ಸು!”

“ಹೌದು ಟೀಚರ್,” ಝಹ್ರಾ ಬಾಣಲೆಯಿಂದ ಕಣ್ಣು ತೆಗೆಯದೆ ಹೇಳಿದಳು. “ಇನ್ನೊಂದು ಬುಟ್ಟಿ ಕೊಟ್ರೆ ಇನ್ನೂ ಮೃದು ಆಗ್ತಾರೆ.”

ಟೀಚರ್ ಹತ್ತಿರ ಬಂದು ಮೆಲ್ಲಗೆ ಕೇಳಿದರು, “ಯಾವ ಮರ ಇದು? ನಿಮ್ಮ ಬಾಯಿಯಿಂದಲೇ ಕೇಳ್ಬೇಕು ಅಂತ ಆಸೆ.”

ಎಷ್ಟೋ ದಿನಗಳ ಮೇಲೆ ಒಬ್ಬರು ಅವನ ಮಾತನ್ನು ಕೇಳಲು ನಿಂತಿದ್ದರು. ಹಾಶಿಂ ಬಾಯಿ ತೆರೆದ. ಒಮ್ಮೆ ಮುಖ ಒರೆಸಿಕೊಂಡು ಸರಿಯಾಗಿ ಹೇಳೋಣವೆಂದು, ನೀರುಳ್ಳಿ ಕೊಚ್ಚಿದ ಕೈಯಿಂದಲೇ ಕಣ್ಣು ಉಜ್ಜಿಕೊಂಡ.

“ಬೇಡ ಬೇಡ, ಎಂತ ಹೇಳುವುದೂ ಬೇಡ,” ಎಂದು ಎವ್ಲಿನ್ ಟೀಚರ್ ತಮ್ಮ ಕರ್ಚೀಫನ್ನು ಅವನ ಕೈಗಿಟ್ಟರು. “ನನಗೆ ಅರ್ಥ ಆಯ್ತು.”