ನಾಲ್ಕು ಕಾಲಿನ ಪೇಶಂಟ್

ನಲವತ್ತು ಹಾಸಿಗೆಯ ವಾರ್ಡನ್ನು ಮೂವತ್ತು ವರ್ಷ ನಡೆಸಿದವಳಿಗೆ ಒಂದು ನಾಯಿಯನ್ನು ಒಂದು ತಿಂಗಳು ನೋಡಿಕೊಳ್ಳುವುದು ಏನು ಮಹಾ? ಈ ಪ್ರಶ್ನೆಯನ್ನು ನಾನು ಕೇಳಿಕೊಂಡದ್ದು ನನ್ನನ್ನೇ. ಉತ್ತರವನ್ನೂ ನಾನೇ ಕೊಟ್ಟುಕೊಂಡೆ. ಎಡವಿದ್ದು ಅಲ್ಲೇ.

ನಾನು ನಿವೃತ್ತ ನರ್ಸು. ಬಾಗಲಕೋಟೆಯ ನವನಗರದಲ್ಲಿ ನಮ್ಮ ಓಣಿಯವರಿಗೆಲ್ಲ ನರ್ಸಬಾಯಿ. ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಆರಕ್ಕೆ ಲಿಂಗಪೂಜೆ, ಆರೂವರೆಗೆ ಚಹಾ. ನಿವೃತ್ತಿಯಾಗಿ ಆರು ವರ್ಷ ಕಳೆದರೂ ಈ ವೇಳಾಪಟ್ಟಿ ಒಂದು ನಿಮಿಷ ಅಲುಗಾಡಿಲ್ಲ. ನಮ್ಮ ಯಜಮಾನರದು ಮಾತ್ರ ಬೇರೆಯೇ ತಳಿ. ಅವರು ಏಳುವ ಹೊತ್ತನ್ನು ಯಾವ ಪಂಚಾಂಗವೂ ಹೇಳಲಾರದು.

ಒಂದು ಸಂಜೆ ಹಿಂದಿನ ಓಣಿಯ ಶಬಾನಾ ಬಂದಳು. ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ. ಬಿಡುವಿನ ವೇಳೆಯಲ್ಲಿ ಗೆಳತಿಯರೊಂದಿಗೆ ಸೇರಿ ಬೀದಿಯಲ್ಲಿ ಪೆಟ್ಟಾದ ನಾಯಿ, ಬೆಕ್ಕುಗಳನ್ನು ಎತ್ತಿಕೊಂಡು ಬಂದು ಬದುಕಿಸುವುದು ಅವಳ ಕೆಲಸ. ಅಂದು ಅವಳ ತೋಳಿನಲ್ಲಿ ಒಂದು ಕಂದು ಬಣ್ಣದ ಹೆಣ್ಣು ನಾಯಿ ಇತ್ತು. ಹಿಂದಿನ ಎಡಗಾಲಿಗೆ ಪ್ಲಾಸ್ಟರ್.

“ಆಂಟಿ, ಅಮೀನಗಡದ ಹತ್ರ ರೋಡಿನ ಮ್ಯಾಲೆ ಬಿದ್ದಿತ್ರಿ. ಯಾವುದೋ ಗಾಡಿ ಹೊಡದು ಹೋಗೇತಿ. ನಮ್ಮ ಮನಿ ಮಾಲಕರು ನಾಯಿ ಇಟ್ಕೊಳ್ಳಾಕ ಬಿಡೂದಿಲ್ಲ. ಒಂದ್ ತಿಂಗಳು ನೀವು ನೋಡ್ಕೋರಿ. ಅಷ್ಟರಾಗ ಕಾಯಂ ಇಟ್ಕೊಳ್ಳೋರನ್ನ ಹುಡುಕ್ತೇನಿ.”

“ಸಿಗಲಿಲ್ಲ ಅಂದ್ರ?”

“ಊರ ಹೊರಗಿನ ತಗಡಿನ ಶೆಡ್ಡಿಗೆ ಬಿಡಬೇಕಾಗ್ತೈತ್ರಿ. ಅಲ್ಲಿ ಆಗಲೇ ಹನ್ನೆರಡು ನಾಯಿ ಅದಾವು, ದಿನಾ ಕಚ್ಚಾಡ್ತಾವು. ಈ ಕಾಲಿನಾಗ ಇದು ಅಲ್ಲಿ ಉಳಿಯೂದಿಲ್ಲ ಆಂಟಿ.”

ನನ್ನ ವಾರ್ಡಿನಿಂದ ಯಾವ ಪೇಶಂಟೂ ಅಂಥ ಜಾಗಕ್ಕೆ ಡಿಸ್ಚಾರ್ಜ್ ಆಗಿಲ್ಲ. ಸೆರಗು ಬಿಗಿದೆ. “ತಿಂಗಳೊಳಗ ಇದಕ್ಕ ಛಲೋ ಮನಿ ಸಿಗತೈತಿ. ನಾ ಕೊಡಸ್ತೇನಿ” ಎಂದೆ.

ಆ ದಿನವೇ ಆಡಳಿತ ಜಾರಿಗೆ ಬಂತು. ಪಡಸಾಲೆಯ ಮೂಲೆಯಲ್ಲಿ ಹಳೆಯ ಕೌದಿ ಹಾಸಿ “ಬೆಡ್ ನಂ. 1” ಎಂದು ಚೀಟಿ ಅಂಟಿಸಿದೆ. ಎರಡನೇ ಬೆಡ್ಡು ಇರಲಿಲ್ಲ. ಆದರೂ ಕ್ರಮ ಎಂದರೆ ಕ್ರಮ. ಗೋಡೆಗೆ ಚಾರ್ಟು ನೇತುಹಾಕಿದೆ: ಜ್ವರ, ನಾಡಿ, ತಿಂದದ್ದು, ಕುಡಿದದ್ದು, ಹೊರಹೋದದ್ದು. ಹೆಸರು ಮಾತ್ರ ಇಡಲಿಲ್ಲ. ಹೆಸರಿಟ್ಟರೆ ಮಮಕಾರ ಬೆಳೆಯುತ್ತದೆ, ಮಮಕಾರ ಬೆಳೆದರೆ ಡಿಸ್ಚಾರ್ಜ್ ಕಷ್ಟ. ಆದ್ದರಿಂದ “ಪೇಶಂಟ್” ಎಂದೇ ಕರೆದೆ.

“ನಾಯಿಗೆ ಪೇಶಂಟ್ ಅಂತಾರೇನs?” ಎಂದು ಯಜಮಾನರು ನಕ್ಕರು.

“ನೀವು ಸುಮ್ಕಿರ್ರಿ. ಇದು ನನ್ನ ಡಿಪಾರ್ಟ್‌ಮೆಂಟು.”

ಒಂದು ವಾರ ಕಳೆಯುವಷ್ಟರಲ್ಲಿ ಡಿಪಾರ್ಟ್‌ಮೆಂಟು ಗಾಬರಿಯಾಯಿತು. ಎಂಟು ಗಂಟೆಗೆ ಹಾಲು-ರೊಟ್ಟಿ ಇಟ್ಟರೆ ಪೇಶಂಟ್ ಮೂಸಿ ಮುಖ ತಿರುಗಿಸುತ್ತಿತ್ತು. ಮಧ್ಯಾಹ್ನದ ಅನ್ನಕ್ಕೂ ಅದೇ ಮರ್ಯಾದೆ. ಚಾರ್ಟಿನಲ್ಲಿ “ಹಸಿವು ಇಲ್ಲ” ಎಂದು ಕೆಂಪು ಶಾಯಿಯಲ್ಲಿ ಬರೆದೆ. ನಾಲ್ಕನೇ ಕೆಂಪು ಗೆರೆ ಬಿದ್ದ ದಿನ ಆಟೋ ಹಿಡಿದು ದನದ ದವಾಖಾನೆಗೆ ಧಾವಿಸಿದೆ. ಡಾಕ್ಟರ ಮುಂದೆ ಚಾರ್ಟು ಬಿಚ್ಚಿ, ಹೊಟ್ಟೆಯೊಳಗಿನ ಪೆಟ್ಟು, ಕಾಮಾಲೆ, ಜಂತು ಎಂದು ಮೂರು ಸಾಧ್ಯತೆಗಳನ್ನೂ ನಾನೇ ಸೂಚಿಸಿದೆ.

ಡಾಕ್ಟರು ನಾಯಿಯನ್ನು ತೂಗಿದರು. ಶಬಾನಾ ಕೊಟ್ಟಿದ್ದ ಹಳೆಯ ಚೀಟಿ ನೋಡಿದರು. ನನ್ನನ್ನು ನೋಡಿದರು.

“ಅಕ್ಕಾರ, ವಾರದಾಗ ಎರಡ್ ಕಿಲೋ ಏರೇತ್ರಿ. ಇದು ಹಸಿವು ಇಲ್ಲದ ನಾಯಿ ಅಲ್ಲ. ಹೊಟ್ಟಿ ತುಂಬಿದ ನಾಯಿ!”

ಮನೆಗೆ ಬಂದು ತನಿಖೆ ನಡೆಸಿದೆ. ಆರೋಪಿ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ.

“ಏನ್ರಿ, ನೀವು ಇದಕ್ಕ ಏನು ಹಾಕ್ತೀರಿ?”

“ಏನಿಲ್ಲ. ಬೆಳಿಗ್ಗೆ ನೀ ಪೂಜಿಗೆ ಕುಂತಾಗ ಒಂದೀಟು ರೊಟ್ಟಿ, ಬೆಣ್ಣಿ.”

“ಎಷ್ಟ ರೊಟ್ಟಿ?”

“ನಾ ಎಷ್ಟ ತಿಂತೇನಿ, ಅಷ್ಟ. ಪಾಪ, ಗಂಗಿ ಹಸದಿರ್ತಾಳ.”

“ಗಂಗಿ ಯಾರ್ರಿ?”

ಯಜಮಾನರು ಪೇಪರಿನ ಹಿಂದೆ ಮರೆಯಾದರು. ಪೇಶಂಟ್ ಮಾತ್ರ ಬಾಲ ಅಲ್ಲಾಡಿಸಿ ಸಾಕ್ಷಿ ಹೇಳಿತು. ನಾನು ಚಾರ್ಟಿಗೆ “ಯಜಮಾನರು ಹಾಕಿದ್ದು” ಎಂದು ಹೊಸ ಕಾಲಂ ಎಳೆದೆ.

ಎರಡು ವಾರ ಕಳೆದ ಮೇಲೆ ನಾಯಿಯನ್ನು ನೋಡಲು ಜನ ಬರತೊಡಗಿದರು. ಮೊದಲು ಬಂದವರು ಬಾದಾಮಿಯ ಒಂದು ಕುಟುಂಬ: ಗಂಡ, ಹೆಂಡತಿ, ಅವರ ಅತ್ತೆ. ನಾಲ್ಕು ಗಂಟೆಗೆ ಬನ್ನಿ ಎಂದು ಹೇಳಿದ್ದೆ. ಬಸ್ಸು ಬೇಗ ಸಿಕ್ಕಿತೆಂದು ಎರಡಕ್ಕೇ ಬಂದರು. ಪೇಶಂಟ್ ಮಲಗಿತ್ತು. ಮೂವತ್ತು ವರ್ಷದ ಅಭ್ಯಾಸ, ಬಾಯಿ ತಾನಾಗಿ ನುಡಿಯಿತು:

“ಪೇಶಂಟ್ ನೋಡೂ ಟೈಮ್ ನಾಲ್ಕರಿಂದ ಆರ್ರಿ. ಅಲ್ಲೀತನ ಹೊರಗ ಕುಂದರ್ರಿ.”

ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟೆ. ಬಾಗಿಲು ಹಾಕಿಕೊಂಡೆ. ಸರಿಯಾಗಿ ನಾಲ್ಕಕ್ಕೆ ಬಾಗಿಲು ತೆರೆದು ಗಂಭೀರವಾಗಿ “ಬರ್ರಿ ಒಳಗ” ಎಂದೆ. ಕಟ್ಟೆಯ ಮೇಲೆ ಮೂರು ಖಾಲಿ ಲೋಟಗಳಿದ್ದವು.

ಆ ಸಂಜೆ ಶಬಾನಾ ಫೋನು ಮಾಡಿದಳು. “ಆಂಟಿ, ಅವರು ಅಂದ್ರು, ಆಪರೇಶನ್ ಥಿಯೇಟರ್ ಹೊರಗ ಕುಂತಂಗ ಆತು ಅಂತ. ಆ ಅಜ್ಜಿಗೆ ಅಂಜಿಕಿ ಬಂದು ಬಿಪಿ ಏರೇತಂತ್ರಿ!”

ಮುಂದಿನ ವಾರ ನವನಗರದ್ದೇ ಒಂದು ಜೋಡಿ ಬಂತು. ಗಂಡ ಹೆಂಡತಿ ಇಬ್ಬರೂ ನೌಕರಿಯವರು. ಹೇಳಿದ ಸಮಯಕ್ಕೆ ಒಂದು ನಿಮಿಷ ಮೊದಲೇ ಗಂಟೆ ಬಾರಿಸಿದರು. ಇವರೇ ಸರಿಯಾದವರು ಎಂದುಕೊಂಡೆ. ಉಪ್ಪಿಟ್ಟು ಕೊಟ್ಟೆ. ಕನ್ಯೆ ನೋಡಲು ಬಂದವರನ್ನು ವಿಚಾರಿಸುವಂತೆ ವಿಚಾರಿಸಿದೆ: ಎಷ್ಟು ಗಂಟೆಗೆ ಏಳುತ್ತೀರಿ, ಮನೆಯಲ್ಲಿ ಯಾರಿರುತ್ತಾರೆ, ನೆಲ ಒರೆಸುವ ಔಷಧ ಯಾವುದು. ಎಲ್ಲಕ್ಕೂ ಒಳ್ಳೆಯ ಉತ್ತರ ಬಂತು.

“ಹಂಗಾರ ಪೇಶಂಟ್‌ನ ತೋರಸ್ತೇನಿ” ಎಂದು ಎದ್ದೆ. ಪೇಶಂಟನ್ನು ಮುಟ್ಟುವ ಮುನ್ನ ಕೈಗೆ ಸ್ಪಿರಿಟ್ ಹಚ್ಚಿಕೊಳ್ಳುವುದು ನನ್ನ ಪದ್ಧತಿ. ಹಚ್ಚಿಕೊಂಡೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಸ್ಪಿರಿಟ್ ವಾಸನೆ ಬಂತೆಂದರೆ ಹಿಂದೆಯೇ ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್ನಿನ ಸೂಜಿ ಬರುತ್ತಿತ್ತು. ಇದು ನನಗೆ ಮರೆತಿತ್ತು. ನಾಯಿಗೆ ನೆನಪಿತ್ತು.

ಪ್ಲಾಸ್ಟರಿನ ಕಾಲನ್ನು ಟಕ್ ಟಕ್ ಎಂದು ಎಳೆಯುತ್ತ ಪೇಶಂಟ್ ದೊಡ್ಡ ಮಂಚದ ಕೆಳಗೆ ನುಗ್ಗಿತು. ಕರೆದೆ, ಬರಲಿಲ್ಲ. ಬಿಸ್ಕೀಟು ತೋರಿಸಿದೆ, ಬರಲಿಲ್ಲ. ಕಾಯಂ ಮನೆ ಎರಡು ಮಾರು ದೂರದಲ್ಲಿ ಕುಳಿತು ಉಪ್ಪಿಟ್ಟು ತಿನ್ನುತ್ತಿದೆ, ಇದು ಮಂಚದ ಕೆಳಗೆ! ಹಿಂದೆ ಸರಿಯುವ ಹೆಣ್ಣು ನಾನಲ್ಲ. ನೆಲಕ್ಕೆ ಮಲಗಿ ತೆವಳಿದೆ. ತಲೆ ಹೋಯಿತು. ಭುಜ ಹೋಯಿತು. ಸೊಂಟ ಹೋಗಲಿಲ್ಲ.

ಹಿಂದಕ್ಕೂ ಬರಲಿಲ್ಲ!

ಪೇಶಂಟ್ ಹತ್ತಿರ ಬಂದು ನನ್ನ ಕನ್ನಡಕ ನೆಕ್ಕಿತು. ಹೊರಗಿನಿಂದ ಯಜಮಾನರ ಧ್ವನಿ ಕೇಳಿತು: “ಸಿಕ್ತೇನು?”

“ಸಿಕ್ಕೇನಿ!” ಎಂದು ಒಳಗಿನಿಂದ ಕೂಗಿದೆ.

ಯಜಮಾನರು ಮಂಚದ ಒಂದು ತುದಿ ಎತ್ತಿದರು, ಬಂದ ಜೋಡಿಯಲ್ಲಿ ಗಂಡ ಇನ್ನೊಂದು ತುದಿ ಎತ್ತಿದರು. ಆ ಹೆಣ್ಣುಮಗಳು ನನ್ನ ಎರಡೂ ಕಾಲು ಹಿಡಿದು ಎಳೆದಳು. ನಾನು ಧೂಳಿನ ಸಮೇತ ಹೊರಬಂದೆ. ನನ್ನ ಹಿಂದೆ ನಾಯಿಯೂ ಬಂತು. ಬಂದದ್ದೇ ತಡ, ಅತಿಥಿಗಳನ್ನು ದಾಟಿ ಯಜಮಾನರ ಲುಂಗಿಯ ಹಿಂದೆ ಅಡಗಿತು.

ಜೋಡಿ ಕೈತೊಳೆದು ಬಾಗಿಲಿಗೆ ಹೋಯಿತು. “ನಾಯಿ ಭಾಳ ಛಲೋ ಐತ್ರಿ ಅಕ್ಕಾರ” ಎಂದರು ಅವರು. “ಆದ್ರ ಅದನ್ನ ನಿಮ್ಮಿಂದ ಅಗಲಸೂದು ನಮಗ ಪಾಪ ಅನಸ್ತೈತಿ.”

“ಅದು ನನ್ನ ಕಂಡ್ರ ಓಡಿ ಹೋಗೂದು ನೋಡಿದ್ರಲ್ಲರಿ!” ಎಂದೆ. ಅಷ್ಟರಲ್ಲಿ ಗೇಟು ಮುಚ್ಚಿತ್ತು.

ದನದ ದವಾಖಾನೆಯಲ್ಲಿ ಪ್ಲಾಸ್ಟರ್ ಬಿಚ್ಚಿದರು. ಕಾಲು ನೆಟ್ಟಗಾಗಿತ್ತು, ಒಂದಿಷ್ಟು ಕುಂಟು ಉಳಿದಿತ್ತು. ತಿಂಗಳಿಗೆ ಮೂರೇ ದಿನ ಬಾಕಿ. ಶಬಾನಾಳ ಮುಖ ಸಣ್ಣದಾಯಿತು. “ಇನ್ನೊಬ್ಬರಿಗೆ ಹೇಳೇನ್ರಿ ಆಂಟಿ. ಇಳಕಲ್ಲಿನ ನೇಕಾರರು. ಅವರ ಮುದಿ ನಾಯಿ ಹೋದ ವರ್ಷ ಸತ್ತೈತಿ. ಇವರೂ ಒಲ್ಲೆ ಅಂದ್ರ ಶೆಡ್ಡs ಗತಿ.”

ಅವರ ಹೆಸರು ಮಾರುತೆಪ್ಪ. ಹತ್ತು ಗಂಟೆಗೆ ಬರಬೇಕಾದವರು ಒಂದಕ್ಕೆ ಬಂದರು. ಹುನಗುಂದದಲ್ಲಿ ಯಾರೋ ಬೀಗರು ಸಿಕ್ಕು ಚಹಾಕ್ಕೆ ಕರೆದರಂತೆ! ಮೂರು ತಾಸು ತಡ. ನನ್ನ ಹಲ್ಲು ಕಟಕಟ ಎಂದವು. ಕುರ್ಚಿ ತೋರಿಸಿದೆ, ನೆಲದ ಮೇಲೆ ಕುಳಿತರು. ಪ್ರಶ್ನಾವಳಿ ತೆಗೆದೆ, ಅವರು ಬುತ್ತಿ ತೆಗೆದರು. ರೊಟ್ಟಿ ಮುರಿದು ಒಂದು ತುಂಡನ್ನು ಅಂಗೈ ಮೇಲಿಟ್ಟು, ನಾಯಿಯ ಕಡೆ ನೋಡದೆ ಸುಮ್ಮನೆ ಕೈಚಾಚಿದರು.

“ಅದರ ಊಟದ ಟೈಮ್ ಅಲ್ಲ…” ಎಂದು ಶುರು ಮಾಡಿದೆ. ಯಜಮಾನರು ನನ್ನ ಸೆರಗು ಜಗ್ಗಿ, “ಏನs, ಒಂದೀಟು ಉಸಿರು ತಗೋ” ಎಂದರು.

ನಾಯಿ ಬಂತು. ಮೂಸಿತು. ರೊಟ್ಟಿ ತಿಂದು ಅವರ ತೊಡೆಯ ಮೇಲೆ ಗದ್ದ ಇಟ್ಟಿತು. ಮಾರುತೆಪ್ಪ ಅದರ ಕುಂಟು ಕಾಲನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರು. ಕೇಳಿದ್ದು ಒಂದೇ ಪ್ರಶ್ನೆ:

“ಅಕ್ಕಾರ, ಇದು ಯಾತಕ್ಕ ಅಂಜತೈತ್ರಿ?”

ನಾನು ಚಾರ್ಟಿನ ಕಡೆ ನೋಡಿದೆ. ಒಂದು ತಿಂಗಳ ಜ್ವರ ಇತ್ತು, ನಾಡಿ ಇತ್ತು, ಯಜಮಾನರ ಬೆಣ್ಣೆಯೂ ಇತ್ತು. ಅಂಜಿಕೆಗೆ ಕಾಲಂ ಇರಲಿಲ್ಲ.

“ಲಾರಿ ಹಾರನ್ನಿಗೆ” ಎಂದರು ಯಜಮಾನರು. ಆಮೇಲೆ ನನ್ನ ಕಡೆ ನೋಡಿ, “ಮತ್ತ, ಈಕಿಗೆ” ಎಂದು ಸೇರಿಸಿದರು.

ಮಾರುತೆಪ್ಪ ನಗಲಿಲ್ಲ. “ನಮ್ಮ ಮನಿ ಒಳಗಿನ ಓಣ್ಯಾಗ ಐತ್ರಿ, ಲಾರಿ ಬರಂಗಿಲ್ಲ. ಮಗ್ಗದ ಸಪ್ಪಳ ಇರ್ತೈತಿ, ಅದಕ್ಕ ವಾರದಾಗ ಹೊಂದ್ಕೊಂತೈತಿ. ಇವತ್ತs ಕರಕೊಂಡು ಹೋಗ್ಲೇನ್ರಿ?”

ಸಿಕ್ಕಿತು! ಕಾಯಂ ಮನೆ ಸಿಕ್ಕಿತು! ಶೆಡ್ಡು ತಪ್ಪಿತು! ನಾನು ಮೊದಲೇ ಬರೆದಿಟ್ಟಿದ್ದ ನಾಲ್ಕು ಪುಟದ ಡಿಸ್ಚಾರ್ಜ್ ಸೂಚನೆಗಳನ್ನು ಒಂದೊಂದಾಗಿ ಓದಿ ಹೇಳಿದೆ. ಅವರು ಪ್ರತಿ ವಾಕ್ಯಕ್ಕೂ “ಹೌದ್ರಿ” ಎಂದರು. ಕಾಗದವನ್ನು ಮಡಚಿ ಭಕ್ತಿಯಿಂದ ಜೇಬಿನಲ್ಲಿಟ್ಟುಕೊಂಡರು.

ಅವರು ಹಗ್ಗ ಹಿಡಿದು ಹೊಸ್ತಿಲಿಗೆ ಬಂದಾಗ ನನ್ನ ಕಾಲು ತಾನಾಗಿ ದೇವರ ಮನೆಗೆ ನಡೆಯಿತು. ಹೊರಬಂದಾಗ ಕೈಯಲ್ಲಿ ಗುಳೇದಗುಡ್ಡದ ಹೊಸ ಕುಪ್ಪಸದ ಖಣ, ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು ಇದ್ದವು. ಮನೆಯಿಂದ ಹೊರಟ ಹೆಣ್ಣುಮಗಳಿಗೆ ಉಡಿ ತುಂಬಿಯೇ ಕಳಿಸಬೇಕು, ಆದರೆ ನಾಯಿಗೆ ಸೆರಗಿನ ಉಡಿ ಎಲ್ಲಿಂದ ಬರಬೇಕು? ಖಣದಲ್ಲಿ ಎಲ್ಲವನ್ನೂ ಗಂಟು ಕಟ್ಟಿ ಅದರ ಕೊರಳಿಗೆ ತೂಗಿಬಿಟ್ಟೆ.

“ಏನs” ಎಂದರು ಯಜಮಾನರು, “ಪೇಶಂಟ್‌ಗೆ ಉಡಿ ತುಂಬೂದು ಯಾವ ದವಾಖಾನಿ ರೂಲು?”

“ಸ್ಪೆಶಲ್ ಕೇಸ್” ಎಂದೆ. ನನ್ನ ಕಣ್ಣಿಗೆ ಏನೋ ಬಿದ್ದಿತ್ತು. ಎರಡೂ ಕಣ್ಣಿಗೆ.

ಡಿಸ್ಚಾರ್ಜ್ ಆದ ಪೇಶಂಟಿನ ಮನೆಗೆ ನಾನು ಎಂದೂ ಹೋದವಳಲ್ಲ. ಆದರೆ ಐದನೇ ದಿನ ಇಳಕಲ್ಲಿನ ಬಸ್ಸು ಹತ್ತಿದೆ. ಇದು ಹಂಬಲ ಅಲ್ಲ, ತಪಾಸಣೆ ಎಂದು ಯಜಮಾನರಿಗೆ ಸ್ಪಷ್ಟಪಡಿಸಿದೆ. ಮೆತ್ತನೆಯ ಹತ್ತಿಯ ಸೀರೆ, ಕಂಕುಳಲ್ಲಿ ರಿಜಿಸ್ಟರು. ಸಣ್ಣದೊಂದು ಲೋಪ ಕಂಡರೂ ನಾಯಿಯನ್ನು ವಾಪಸು ತರುವುದು ಎಂದು ನಿರ್ಧರಿಸಿದ್ದೆ.

ಲೋಪಗಳು ಬೇಕಾದಷ್ಟು ಕಂಡವು. ಬೆಳಗಿನ ಹನ್ನೊಂದಕ್ಕೆ ನಾಯಿ ಅಂಗಳದ ಬಿಸಿಲಿನಲ್ಲಿ ಅಂಗಾತ ಬಿದ್ದು ಗೊರಕೆ ಹೊಡೆಯುತ್ತಿತ್ತು. ಮೀಸೆಯ ತುಂಬ ಮಜ್ಜಿಗೆ. ಒಳಗೆ ಮಗ್ಗ ಖಟ್ ಖಟ್ ಎನ್ನುತ್ತಿದ್ದರೂ ಅದರ ಕಿವಿ ಕೂಡ ಅಲುಗುತ್ತಿರಲಿಲ್ಲ. ನೂಲು ಸುತ್ತುವ ರಾಟೆ ಅಲುಗಾಡದಂತೆ ಅದರ ಕಾಲಿನ ಕೆಳಗೆ ಏನೋ ಮಡಚಿ ಇಟ್ಟಿದ್ದರು. ಬಗ್ಗಿ ನೋಡಿದೆ. ನನ್ನ ಡಿಸ್ಚಾರ್ಜ್ ಸೂಚನೆಗಳು. ನಾಲ್ಕೂ ಪುಟ!

ರಿಜಿಸ್ಟರು ತೆರೆದು ಪೆನ್ನಿನ ಮುಚ್ಚಳ ತೆಗೆದೆ. ಗಂಟಲು ಸರಿಪಡಿಸಿಕೊಂಡು ಖಡಕ್ಕಾಗಿ ಕರೆದೆ: “ಪೇಶಂಟ್!”

ನಾಯಿ ಕಣ್ಣು ತೆರೆಯಿತು. ಮರುಕ್ಷಣ ಅಂಗಳದ ಆ ತುದಿಯಿಂದ ಹಾರಿಬಂತು. ನಾಲ್ಕೂ ಕಾಲಿನ ಮೇಲೆ, ಕುಂಟಿಲ್ಲದೆ! ನನ್ನ ಎದೆಗೆ ಮುಂಗಾಲು ಕೊಟ್ಟು ಅಪ್ಪಿತು. ಅದು ಏರಿಸಿಕೊಂಡಿದ್ದ ಎರಡು ಕಿಲೋ ಎಷ್ಟು ಭಾರ ಎಂದು ನನಗೆ ಆಗ ತಿಳಿಯಿತು. ನನ್ನ ಹಿಂದೆ ನೂಲಿಗೆ ಹಾಕುವ ಗಂಜಿ ತುಂಬಿದ ಅಗಲವಾದ ತೊಟ್ಟಿ ಇತ್ತು. ನಾನು ಅದರಲ್ಲಿ ಕುಳಿತೆ. ಪೂರ್ತಿಯಾಗಿ.

“ಅಯ್ಯ ನಮ್ಮವ್ವಾ!” ಎಂದು ಮಾರುತೆಪ್ಪನವರ ಹೆಂಡತಿ ಓಡಿಬಂದರು. ನಾಯಿ ನನ್ನ ಮುಖ ನೆಕ್ಕುತ್ತಿತ್ತು. ರಿಜಿಸ್ಟರು ಗಂಜಿಯಲ್ಲಿ ಮುಳುಗುತ್ತಿತ್ತು. ವಾಪಸು ತರುವ ಮಾತೂ ಅದರ ಜೊತೆಗೇ ಮುಳುಗಿತು. ಆ ತಾಯಿ ನನಗೆ ಚಹಾ ಕೊಟ್ಟು, ಅವಲಕ್ಕಿ ಕೊಟ್ಟು, ಬಿಸಿಲಿಗೆ ಕೂರಿಸಿ ಒಣಗಿಸಿದರು. ನಾಯಿ ನನ್ನ ಪಾದದ ಮೇಲೆ ಒಂದು ತಾಸು ಮಲಗಿತ್ತು. ಹೊರಟಾಗ ಬಾಗಿಲ ತನಕ ಬಂತು. ಹೊಸ್ತಿಲು ದಾಟಲಿಲ್ಲ. ಮನೆ ಯಾವುದು ಎಂದು ಅದಕ್ಕೆ ಗೊತ್ತಾಗಿತ್ತು.

ಬಸ್ಸು ಹುನಗುಂದ ದಾಟುವ ಹೊತ್ತಿಗೆ ಸೀರೆ ಪೂರಾ ಗಂಜಿ ಹಿಡಿದು ಹಲಗೆಯಾಗಿತ್ತು. ಒರಗಲು ಆಗಲಿಲ್ಲ, ಬಾಗಲು ಆಗಲಿಲ್ಲ. ಬಾಗಲಕೋಟೆ ಬರುವವರೆಗೂ ಬೆನ್ನು ಕಂಬದಂತೆ ನೇರ. ಇಳಿಯುವ ಮುನ್ನ ಪಕ್ಕದ ಸೀಟಿನ ಅಜ್ಜಿ ನನ್ನನ್ನು ತೋರಿಸಿ ಮೊಮ್ಮಗಳಿಗೆ ಹೇಳಿದರು:

“ನೋಡs ಖೋಡಿ, ಈ ವಯಸ್ಸಿನ್ಯಾಗೂ ಎಷ್ಟ ನೆಟ್ಟಗ ಕುಂತಾರ! ಶಿಸ್ತು ಅಂದ್ರ ಹಿಂಗ ಇರಬೇಕು.”