ಹದಿನಾರು ಜಿಬಿಯಲ್ಲಿ ನನ್ನ ಪಾಲು

ಕೊಂಡ ಸಾಮಾನನ್ನು ಮನೆಗೆ ತಂದು ಮತ್ತೊಮ್ಮೆ ತೂಗಿ ನೋಡುವ ಚಾಳಿ ನನಗೆ ನಮ್ಮಮ್ಮನಿಂದ ಬಂದದ್ದು. ಮೈಸೂರಿನಲ್ಲಿ ಅದು ಹುಣಸೆಹಣ್ಣಿಗೆ ಸೀಮಿತವಾಗಿತ್ತು. ಅಮೆರಿಕದ ವುಡ್‌ಲ್ಯಾಂಡ್ ಹಿಲ್ಸ್‌ಗೆ ಬಂದ ಮೇಲೆ ಕಂಪ್ಯೂಟರಿಗೂ ಹಬ್ಬಿತು. ನಿವೃತ್ತನಾದ ಮೇಲೆ ಹದಿನಾರು ಜಿಬಿ ಮೆಮೊರಿಯ ಲ್ಯಾಪ್‌ಟಾಪ್ ಕೊಂಡೆ. ತೆರೆದು ನೋಡಿದರೆ, ಬಳಸಬಹುದಾದದ್ದು ಹದಿಮೂರು ಪಾಯಿಂಟ್ ಒಂಬತ್ತು ಮಾತ್ರ ಎಂದಿತ್ತು. ಎರಡು ಜಿಬಿ ಮಂಗಮಾಯ! ಮೂವತ್ತು ವರ್ಷ ಟೆಲಿಕಾಂ ಎಂಜಿನಿಯರ್ ಆಗಿದ್ದವನು ನೆಟ್ಟಗೆ ಮ್ಯಾನುಯಲ್ಲಿನ ಒಂದು ಪುಟ ಓದಿದ್ದರೆ ಕಾರಣ ತಿಳಿಯುತ್ತಿತ್ತು. ಓದಲಿಲ್ಲ. ಅಂಗಡಿಗೆ ಹೋಗಿ, ತಕ್ಕಡಿಯಲ್ಲಿ ಮೋಸವಾದವನಂತೆ ಜಗಳ ತೆಗೆದು, ಬೇರೆ ಲ್ಯಾಪ್‌ಟಾಪ್ ತಂದೆ. ಅದರಲ್ಲೂ ಹದಿಮೂರು ಪಾಯಿಂಟ್ ಒಂಬತ್ತೇ.

ಕೊನೆಗೆ ಎರಡು ಗಂಟೆ ದಾರಿಯ ಕಾರ್ಲ್ಸ್‌ಬಾಡ್‌ನಲ್ಲಿ ಕೆಲಸ ಮಾಡುವ ಮಗಳು ಅದಿತಿಗೆ ಫೋನ್ ಮಾಡಿದೆ. ನಿಜ ಹೇಳಬೇಕೆಂದರೆ ಲ್ಯಾಪ್‌ಟಾಪ್ ಒಂದು ನೆಪ. ನಾಲ್ಕು ವರ್ಷದಿಂದ ಅವಳು ಬಂದರೆ ಊಟ ಮುಗಿಸಿ ಹೊರಟುಬಿಡುತ್ತಿದ್ದಳು. ಒಂದು ದಿನವೂ ಉಳಿದಿರಲಿಲ್ಲ. ರಿಪೇರಿಗಾದರೂ ಬಂದಾಳು ಎಂದು ನನ್ನ ಆಸೆ.

"ನೋಬಡಿ ಸ್ಟೋಲ್ ಇಟ್, ಅಪ್ಪಾ. ಇಟ್ಸ್ ಜಸ್ಟ್ ರಿಸರ್ವ್ಡ್," ಎಂದು ನಕ್ಕಳು. ಈ ಲ್ಯಾಪ್‌ಟಾಪಿನಲ್ಲಿ ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲವಂತೆ. ಶುರುವಾಗುವಾಗಲೇ ಅದು ಒಟ್ಟು ಮೆಮೊರಿಯಿಂದ ತನ್ನ ಪಾಲನ್ನು ಎತ್ತಿಟ್ಟುಕೊಳ್ಳುತ್ತದಂತೆ, ಬಳಸಲಿ ಬಿಡಲಿ. ಬೇಡವಾದರೆ ಸೆಟಿಂಗ್ಸ್‌ನಲ್ಲಿ ಕಡಿಮೆ ಮಾಡಬಹುದಂತೆ. ಫೋನಿನಲ್ಲೇ ಎಲ್ಲ ಮುಗಿಸಿಬಿಟ್ಟಳು.

"ಬಳಸದೇ ಇರೋದಕ್ಕೆ ಜಾಗ ಹಿಡಿದಿಡೋದು ಯಾವ ನ್ಯಾಯ?" ಎಂದು ಫೋನ್ ಇಟ್ಟ ಮೇಲೆ ಗೊಣಗಿದೆ.

ಹೆಂಡತಿ ಸುಧಾ ಬೀನ್ಸ್ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. "ಅವಳ ರೂಮಿಗೆ ವಾರವಾರ ಬೆಡ್‌ಶೀಟ್ ಬದಲಾಯಿಸೋರು ಯಾರು? ನೀವೇ ತಾನೆ? ಖಾಲಿ ಮಾಡಿ ಅಂತ ಅವಳೇ ಎಷ್ಟು ಸಲ ಹೇಳಿಲ್ಲ? ಇಲ್ಲಿ ಡೈನಿಂಗ್ ಟೇಬಲ್ ತುಂಬ ನಿಮ್ಮ ವೈರು, ನನಗೆ ತಟ್ಟೆ ಇಡೋಕೆ ಜಾಗ ಇಲ್ಲ."

ಮಾತು ನಾಟಿತು. ಅಂದೇ ಗ್ರಾಫಿಕ್ಸಿನ ಪಾಲನ್ನು ಅರ್ಧ ಜಿಬಿಗೆ ಇಳಿಸಿದೆ. ನನ್ನ ಪಾಲು ಹದಿನೈದು ದಾಟಿತು. ಅದೇ ಹುಮ್ಮಸ್ಸಿನಲ್ಲಿ ಮಗಳ ಮಂಚವನ್ನು ಪೋರ್ಟರ್ ರ್ಯಾಂಚ್‌ಗೆ ಹೊಸದಾಗಿ ಬಂದಿದ್ದ ಕನ್ನಡದ ದಂಪತಿಗಳಿಗೆ ಕೊಟ್ಟು, ಆ ರೂಮಿನಲ್ಲಿ ನನ್ನ ಮೇಜು ಹಾಕಿಕೊಂಡೆ.

ಮುಂದಿನ ಶನಿವಾರ ಅದಿತಿ ಹೇಳದೆ ಕೇಳದೆ ಬಂದಳು. ಕೈಯಲ್ಲಿ ಬಟ್ಟೆ ತುಂಬಿದ ಬ್ಯಾಗು. ಸೋಮವಾರದವರೆಗೆ ರಜೆ ಹಾಕಿದ್ದಳಂತೆ. ರೂಮಿನ ಬಾಗಿಲಲ್ಲಿ ನಿಂತು ಮೇಜನ್ನು ನೋಡಿದಳು, ಮಂಚವಿದ್ದ ಜಾಗವನ್ನು ನೋಡಿದಳು.

"ಸೋಫಾ ಇದೆಯಲ್ಲಮ್ಮಾ," ಎಂದೆ.

"ನೋ ನೋ, ಇಟ್ಸ್ ಫೈನ್, ಅಪ್ಪಾ. ಐ ಟೋಲ್ಡ್ ಯೂ ಟು ಕ್ಲಿಯರ್ ಇಟ್," ಎಂದಳು. ಊಟ ಮುಗಿಸಿ, ಟ್ರಾಫಿಕ್ ಜಾಸ್ತಿಯಾಗುವ ಮುಂಚೆ ಹೊರಟೇಬಿಟ್ಟಳು. ಬ್ಯಾಗಿನ ಜಿಪ್ ಕೂಡ ತೆಗೆದಿರಲಿಲ್ಲ.

ಕೊಟ್ಟ ಮಂಚವನ್ನು ಯಾವ ಮುಖ ಇಟ್ಟುಕೊಂಡು ವಾಪಸ್ ಕೇಳಲಿ? ಲ್ಯಾಪ್‌ಟಾಪಿನಲ್ಲಿ ಮಾತ್ರ ಗ್ರಾಫಿಕ್ಸಿಗೆ ಮತ್ತೆ ಎರಡು ಜಿಬಿ ಎತ್ತಿಟ್ಟಿದ್ದೇನೆ. ಹದಿಮೂರು ಪಾಯಿಂಟ್ ಒಂಬತ್ತು ನನಗೆ ಧಾರಾಳವಾಗಿ ಸಾಕು.